ನೀಲಿ ಹಕ್ಕಿಯ ಎಣ್ಣೆಸ್ನಾನ

ದೀಪಾವಳಿಯ ಬೆಳಿಗ್ಗೆ ನನ್ನ ಅತ್ತೆ ಪದ್ದಕ್ಕನ ಕೈಯಿಂದ ತಪ್ಪಿಸಿಕೊಂಡ ಜೀವ ಕಿರಿಮಂಜೇಶ್ವರದ ಆ ಮನೆಯಲ್ಲಿ ಒಂದೂ ಇರಲಿಲ್ಲ. ಮಾವನ ನೆತ್ತಿಗೆ ಎಣ್ಣೆ, ಮಗನ ಬೆನ್ನಿಗೆ ಎಣ್ಣೆ, ನಾಯಿಯ ಕಿವಿಗೆ ಎಣ್ಣೆ. ಅಂಗಳದ ಚಪ್ಪರದಡಿ ಕವುಚಿಟ್ಟಿದ್ದ ಹಳೆ ದೋಣಿಗೂ ಹಬ್ಬದ ಹಿಂದಿನ ದಿನ ಮೀನೆಣ್ಣೆ ಬಳಿಯಬೇಕು. "ಎಣ್ಣಿ ಕಾಣದ್ ಮರ ಒಡಿತ್, ಎಣ್ಣಿ ಕಾಣದ್ ಮೈ ಸೀಳತ್ತ್" ಎಂದು ಅವರು ಹೇಳುತ್ತಿದ್ದರು. ಮೂವತ್ತು ವರ್ಷ ಬುಟ್ಟಿ ಹೊತ್ತು ನಾವುಂದ, ಮರವಂತೆ ಎಂದು ಮೀನು ಮಾರಿದ ದನಿ ಅವರದು. ಗುಟ್ಟು ಹೇಳಿದರೂ ಹೆದ್ದಾರಿಗೆ ಕೇಳುತ್ತಿತ್ತು.

ಇದು ೨೦೦೪ರ ಮಾತು. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಮೊದಲ ದೀಪಾವಳಿಗೆ ಅಳಿಯನ ಎಣ್ಣೆಸ್ನಾನವೆಂದು ನಾವಿಬ್ಬರೂ ನನ್ನ ತವರು ತಲ್ಲೂರಿಗೆ ಹೋಗಿದ್ದೆವು. ಗಂಡನ ಮನೆಯಲ್ಲಿ ನನಗೆ ಇದೇ ಮೊದಲನೆಯ ದೀಪಾವಳಿ. ನನ್ನ ಎರಡು ಹಕ್ಕಿಗಳಿಗೂ.

ಆ ಹಕ್ಕಿಗಳನ್ನು ನಾನು ಆ ವರ್ಷ ಆಸಾಡಿ ತಿಂಗಳಿಗೆ ತವರಿಗೆ ಹೋದವಳು ಬರುವಾಗ ತಂದಿದ್ದೆ. ಮದುವೆಗೆ ಮುಂಚೆ ನಾನು ಕುಂದಾಪುರದಲ್ಲಿ ಹಗಲು ಟೈಪಿಂಗ್ ಅಂಗಡಿಯಲ್ಲಿ ಕೂತು, ಸಂಜೆ ಕ್ಲಾಸಿಗೆ ಹೋಗಿ ಓದಿದವಳು. ಆಸಾಡಿಯಲ್ಲಿ ನೋಡಲು ಹೋದಾಗ ಆ ಅಂಗಡಿಯವರು ಉಡುಗೊರೆಯಾಗಿ ಕೊಟ್ಟ ಜೋಡಿ ಅದು. ಮಾರುವವರು ಅವನ್ನು ಲವ್ ಬರ್ಡ್ಸ್ ಎನ್ನುತ್ತಾರೆ. ಅತ್ತೆ ಗಿಣಿ ಎನ್ನುತ್ತಿದ್ದರು. ಒಂದು ನೀಲಿ, ಒಂದು ಹಳದಿ. ಎರಡೂ ಸೇರಿ ಒಂದು ಮುಷ್ಟಿಯಷ್ಟು. ಆ ಮನೆಯಲ್ಲಿ ಎಲ್ಲರೂ ಗಟ್ಟಿ ಮಾತಿನವರು. ನಾನು ಒಂದು ವಾಕ್ಯ ಹೇಳಬೇಕಾದರೆ ಮೊದಲು ಮನಸ್ಸಿನಲ್ಲಿ ಎರಡು ಸಲ ಬರೆದು ನೋಡುವವಳು. ನಾನು ಬಾಯಿ ತೆರೆಯುವ ಹೊತ್ತಿಗೆ ಮಾತು ಬೇರೆ ಕಡೆ ಹೋಗಿರುತ್ತಿತ್ತು. ಹಕ್ಕಿಗಳು ಮಾತ್ರ ನಾನು ಮುಗಿಸುವವರೆಗೆ ತಲೆ ಓರೆ ಮಾಡಿ ಕಾಯುತ್ತಿದ್ದವು.

ಹಬ್ಬಕ್ಕೆ ಎರಡು ವಾರ ಇರುವಾಗ ಅತ್ತೆ ಗೂಡಿನ ಹತ್ತಿರ ನಿಂತು ಮೂಗು ಮುಚ್ಚಿಕೊಂಡರು. ಬಂಗ್ಡೆ ಬುಟ್ಟಿಯನ್ನು ಆಗಷ್ಟೇ ಇಳಿಸಿದ್ದವರು.

"ಇದ್ ಮಿಂದ್ ಎಷ್ಟ್ ದಿನ ಆಯ್ತ್?"

ನನಗೆ ಸುಳ್ಳು ಹೇಳಲು ಬರುವುದಿಲ್ಲ. "ಮೀಯಲೇ ಇಲ್ಲೆ, ಅತ್ತೆ."

"ಮೂರ್ ತಿಂಗ್ಳ್?"

"ಹೌದ್."

"ಅಯ್ಯಬ್ಬ! ಹ್ವಾಯ್, ಕೇಂಡ್ರ್ಯಾ?" ಎಂದು ಅವರು ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ಮಾವನನ್ನು ಕೂಗಿದರು. "ಮೂರ್ ತಿಂಗ್ಳಿಂದ ಮೀಯದ್ ಜೀವ ನಮ್ ಮನಿಯಂಗಿತ್ತ್!"

ತಿಮ್ಮ ಮಾವ ತಲೆ ಎತ್ತಲಿಲ್ಲ. "ನಾನಲ್ಲ" ಎಂದರು.

ಆ ಸಂಜೆ ತೀರ್ಮಾನವಾಯಿತು. ಹಬ್ಬಕ್ಕೂ ಮೀಯದ ಜೀವ ಆಮೇಲೆ ಆ ಮನೆಯ ಸೂರಿನಡಿ ಇರಬಾರದು. ಹಕ್ಕಿ ಮಿಂದರೆ ಇರಲಿ, ಇಲ್ಲದಿದ್ದರೆ ಹಬ್ಬ ಕಳೆದ ಭಾನುವಾರ ನನ್ನ ತಮ್ಮ ಅಕ್ಷಯ್ ಬಂದು ತಲ್ಲೂರಿಗೆ ಒಯ್ಯಲಿ. ಅತ್ತೆಯೇ ಫೋನು ಮಾಡಿ ಅವನಿಗೆ ಹೇಳಿದರು. ತಲ್ಲೂರಿನ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಒಂದು ಈಗಾಗಲೇ ಪಕ್ಕದ ಮನೆಯ ಪಾರಿವಾಳವನ್ನು ತಿಂದು ಹೆಸರು ಮಾಡಿತ್ತು. ಈ ಮಾತನ್ನು ನಾನು ಎರಡು ಸಲ ಮನಸ್ಸಿನಲ್ಲಿ ಬರೆದುಕೊಂಡೆ. ಅಷ್ಟರಲ್ಲಿ ಅತ್ತೆ ಫೋನು ಇಟ್ಟಾಗಿತ್ತು.

ಹಕ್ಕಿಗಳನ್ನು ಮೀಯಿಸದೇ ಇದ್ದದ್ದು ನನ್ನ ಸೋಮಾರಿತನದಿಂದ ಅಲ್ಲ, ಹೆದರಿಕೆಯಿಂದ. ಗೂಡಿನ ಜೊತೆ ಒಂದು ಜೆರಾಕ್ಸ್ ಚೀಟಿ ಬಂದಿತ್ತು, ಹಕ್ಕಿಗಳ ಆರೈಕೆಯ ಹನ್ನೊಂದು ಸೂಚನೆಗಳು. ಅದನ್ನು ನಾನು ಚಂದ ಅಕ್ಷರದಲ್ಲಿ ಮತ್ತೊಮ್ಮೆ ಬರೆದು, ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು, ನನ್ನ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೆ. ಹೊರಗೆ ಅಂಟಿಸಿದರೆ ಸೊಸೆ ಪಾಠ ಹೇಳಲು ಹೊರಟಳು ಅಂತ ಆದೀತು ಎಂದು ಒಳಗೆ. ಚೀಟಿ ಹೇಳುತ್ತಿತ್ತು: ಹಕ್ಕಿಯನ್ನು ಹಿಡಿದು ಮುಳುಗಿಸಬಾರದು, ತಾನಾಗಿ ಮೀಯಲು ಬಿಡಬೇಕು. ನೀರು ಹಕ್ಕಿಯ ಮೊಣಕಾಲಿಗಿಂತ ಆಳ ಇರಬಾರದು. ಸೋಪು ಬೇಡ. ಫ್ಯಾನು ಬೇಡ. ಸಂಜೆಯೊಳಗೆ ಪೂರ್ತಿ ಒಣಗಿರಬೇಕು.

ಹಕ್ಕಿಯ ಮೊಣಕಾಲು ಎಲ್ಲಿದೆ? ಹಗ್ಗದಲ್ಲಿ ತೂಗುತ್ತಿದ್ದ ಗೂಡನ್ನು ಇಳಿಸಿ, ನಾನು ಅರ್ಧ ಗಂಟೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಹುಡುಕಿದೆ. ಕೊನೆಗೆ ಸ್ಕೇಲು ಹಿಡಿದು ಒಂದೂವರೆ ಸೆಂಟಿಮೀಟರ್ ಎಂದು ನಿರ್ಧರಿಸಿದೆ. ಸ್ಟೀಲ್ ತಟ್ಟೆಯಲ್ಲಿ ನೀರಿಟ್ಟೆ. ಹಕ್ಕಿಗಳು ಅದರಲ್ಲಿ ತಮ್ಮ ಮುಖ ನೋಡಿ ಗೂಡಿನ ತುದಿಗೆ ಓಡಿದವು. ಮರುದಿನ ಮಣ್ಣಿನ ತಟ್ಟೆ. ಹಳದಿ ಬಂದು ಅದರಲ್ಲಿ ನೀರು ಕುಡಿದು ಹೋಯಿತು. ಮೂರನೆಯ ದಿನ ಇಸ್ತ್ರಿಗೆ ಬಳಸುವ ನೀರು ಚಿಮುಕಿಸುವ ಬಾಟಲಿಯನ್ನು ಏಳು ಸಲ ತೊಳೆದು ಮಂಜಿನ ಹಾಗೆ ಚಿಮುಕಿಸಿದೆ. ಎರಡೂ ಕಿರುಚಿದ ರೀತಿಗೆ ಪಕ್ಕದ ಮನೆಯ ವನಜಕ್ಕ ಹಾವು ಬಂತೆಂದು ಕೋಲು ಹಿಡಿದು ಓಡಿ ಬಂದರು.

ಅತ್ತೆ ಇದನ್ನೆಲ್ಲ ಮೀನಿನ ಬುಟ್ಟಿ ತೊಳೆಯುತ್ತಾ ನೋಡುತ್ತಿದ್ದರು.

"ತಟ್ಟಿಯಂಗ್ ನೀರ್ ಇಟ್ಟ್ 'ಬಾ ಬಾ' ಅಂದ್ರೆ ಯಾರ್ ಮೀತ್ರ್ ಮಾರಾಯ್ತಿ? ನಾನ್ ಹಾಂಗ್ ಕಾದ್ ಕೂತಿದ್ರೆ ನಿನ್ ಗಂಡ ಇವತ್ತಿಗೂ ಮೀತಿರ್ಲಿಲ್ಲ."

"ಹಕ್ಕಿಗೇ ಮನಸ್ಸ್ ಬರ್ಕ್ ಅತ್ತೆ."

"ಮನಸ್ಸಾ?" ಎಂದು ಅವರು ಬುಟ್ಟಿ ಕುಕ್ಕಿದರು. ಆದರೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ. ಬೈಯಲು ಮಾತು ಹುಡುಕುತ್ತಿದ್ದಾರೆ ಎಂದುಕೊಂಡೆ.

ಹಬ್ಬದ ದಿನ ಬೆಳಿಗ್ಗೆ ಐದಕ್ಕೇ ಹಂಡೆಯಲ್ಲಿ ನೀರು ಕಾದಿತ್ತು. ಮೊದಲು ಮಾವ, ಆಮೇಲೆ ನನ್ನ ಗಂಡ ರತೀಶ, ಆಮೇಲೆ ನಾನು. ಅತ್ತೆ ನನ್ನ ನೆತ್ತಿಗೆ ಬಿಸಿ ಎಣ್ಣೆ ಹೊಯ್ದು ಹೊಡೆದ ಪೆಟ್ಟಿಗೆ ಸಂಜೆ ಕ್ಲಾಸಿನಲ್ಲಿ ಕಲಿತ ಅರ್ಧ ಪಾಠ ಅಲ್ಲೇ ಇಳಿದು ಹೋಗಿರಬೇಕು. ಮಿಂದು, ತಲೆಗೆ ಬಟ್ಟೆ ಸುತ್ತಿಕೊಂಡು ಚಾವಡಿಗೆ ಬಂದೆ. ಗೂಡಿನ ಬಾಗಿಲು ತೆರೆದಿತ್ತು. ಎಣ್ಣೆಯ ಬಟ್ಟಲು ನೆಲದ ಮೇಲಿತ್ತು. ಅತ್ತೆಯ ಎಡಗೈ ಮುಷ್ಟಿಯಿಂದ ನೀಲಿ ಹಕ್ಕಿಯ ತಲೆ ಮಾತ್ರ ಹೊರಗೆ ಕಾಣುತ್ತಿತ್ತು. ಜಾರುವ ಮೀನನ್ನು ಮೂವತ್ತು ವರ್ಷ ಹಿಡಿದ ಕೈ ಅದು. ಅದರಿಂದ ಯಾರೂ ಜಾರುವ ಪ್ರಶ್ನೆಯೇ ಇರಲಿಲ್ಲ.

"ಹಳ್ದಿದ್ ಕಚ್ಚ್ತ್" ಎಂದು ಅವರು ಬಲಗೈ ಬೆರಳು ತೋರಿಸಿದರು. "ಅದ್ ನಾಳೆ. ಇದ್ ಪಾಪ, ಸುಮ್ನೆ ಹಚ್ಚಿಸ್ಕಂತ್. ಹೋ, ಈಗ ಹಬ್ಬಕ್ಕೆ ಮಿಂದಾಯ್ತ್. ಇನ್ ಯಾರೂ ಇದನ್ನ ಎಲ್ಲಿಗೂ ಕೊಂಡ್ ಹೋಯ್ಕ್ ಅಂತಿಲ್ಲೆ."

ಆಗ ನನಗೆ ಅವರು ಬುಟ್ಟಿ ಕುಕ್ಕಿದ ದಿನದ ನೋಟ ಅರ್ಥವಾಯಿತು. ತಾವೇ ಮಾಡಿದ ಕಾನೂನನ್ನು ಮುರಿಯದೆ ಹಕ್ಕಿಗಳನ್ನು ಉಳಿಸಲು ಅವರು ಕಂಡುಕೊಂಡ ದಾರಿ ಇದು. ನನಗಾಗಿ ಮಾಡಿದ್ದು. ನನಗೆ ಅಳು ಬಂತು. ಮತ್ತೊಂದು ಕಾರಣಕ್ಕೂ ಬಂತು: ಚೀಟಿಯ ಒಂಬತ್ತನೆಯ ಸೂಚನೆ. ಎಣ್ಣೆ ಎಂದಿಗೂ ತಾಗಿಸಬಾರದು. ಗರಿಗಳು ಅಂಟಿಕೊಂಡು ಮೈಯ ಶಾಖ ಉಳಿಯದೆ ಹಕ್ಕಿ ಚಳಿಗೆ ಸಾಯಬಹುದು. ಅದಕ್ಕೆ ನಾನು ಎರಡು ಅಡಿಗೆರೆ ಎಳೆದಿದ್ದೆ. ಕಪಾಟಿನ ಒಳಗೆ, ಯಾರಿಗೂ ಕಾಣದ ಹಾಗೆ.

ಅತ್ತೆ ಮುಷ್ಟಿ ಬಿಟ್ಟರು. ನೀಲಿ ಗೂಡಿನ ನೆಲದಲ್ಲಿ ನಿಂತಿತು, ಅಥವಾ ನಿಲ್ಲಲು ನೋಡಿತು. ಒಣಸಿಗಡಿಯಷ್ಟು ಚಿಕ್ಕದಾಗಿತ್ತು. ರೆಕ್ಕೆ ಮೈಗೆ ಅಂಟಿ, ಕುತ್ತಿಗೆಯ ಗುಲಾಬಿ ಚರ್ಮ ಕಾಣುತ್ತಿತ್ತು. ಅದು ನಡುಗತೊಡಗಿತು.

ಈ ಸಲ ನಾನು ಮನಸ್ಸಿನಲ್ಲಿ ಬರೆದು ನೋಡಲಿಲ್ಲ.

"ಅತ್ತೆ, ಹಕ್ಕಿಗೆ ಎಣ್ಣಿ ಹಾಕೂಕಾಗ. ಸತ್ತ್ ಹೋತ್."

"ಎಂತ?"

"ಎಣ್ಣಿ ಹಚ್ಚಿರೆ ಚಳಿ ತಡೂದಿಲ್ಲೆ ಅದಕ್ಕೆ. ಚೀಟಿಯಂಗಿತ್ತ್. ನಾನ್ ನಿಮ್ಗೆ ಹೇಳ್ಲಿಲ್ಲ. ತಪ್ಪ್ ನಂದೇ."

"ದೋಣಿಗೆ ಹಚ್ಚಿರೆ—" ಎಂದು ಅವರು ಶುರು ಮಾಡಿದರು. ನಡುಗುವ ಹಕ್ಕಿಯನ್ನು ನೋಡಿ ನಿಲ್ಲಿಸಿದರು. ಅತ್ತೆ ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾವ ಕೂಡ ಬಲೆಯಿಂದ ತಲೆ ಎತ್ತಿದರು.

"ಈಗ ಎಂತ ಮಾಡುದ್, ಅದ್ ಹೇಳ್" ಎಂದರು ಅತ್ತೆ, ತಗ್ಗಿದ ದನಿಯಲ್ಲಿ.

ಅದು ಚೀಟಿಯಲ್ಲಿ ಇರಲಿಲ್ಲ. ಹಚ್ಚಬಾರದು ಎಂದಿತ್ತು, ಹಚ್ಚಿದ ಮೇಲೆ ಏನು ಎಂದು ಯಾರೂ ಬರೆದಿರಲಿಲ್ಲ.

ರತೀಶ ಬೈಂದೂರಿನ ಕುಷ್ಟಣ್ಣನಿಗೆ ಫೋನು ಮಾಡಿದ. ಕುಷ್ಟಣ್ಣ ಪಶುವೈದ್ಯರೊಬ್ಬರ ಬಳಿ ಕೆಲಸಕ್ಕಿದ್ದವರು. ಅವರೂ ಎಣ್ಣೆ ಹಚ್ಚಿಕೊಂಡು ಕೂತಿದ್ದರಂತೆ. "ದನಕ್ಕಾರೆ ಹೇಳ್ತಿದ್ದೆ ಮಾರಾಯ. ಹಕ್ಕಿಗೆ ಎಣ್ಣಿ ಹಚ್ಚುವರ್ ಇದ್ರ್ ಅಂದೇ ನಂಗೆ ಗೊತ್ತಿಲ್ಲೆ" ಎಂದು, ಡಾಕ್ಟರ ಮನೆಯ ನಂಬರು ಕೊಟ್ಟರು. ಡಾಕ್ಟರು ಬಯಲುಸೀಮೆಯವರು, ತಾಳ್ಮೆಯವರು. ರತೀಶ ಆದದ್ದನ್ನೆಲ್ಲ ಹೇಳಿ ರಿಸೀವರನ್ನು ನನ್ನ ಕೈಗೆ ಹಿಡಿಸಿದ.

"ಗಾಬರಿಯಾಗಬೇಡಿ ಅಮ್ಮ. ಮೊದಲು ನುಣ್ಣಗಿನ ಹಿಟ್ಟು ಉದುರಿಸಿ, ಎಣ್ಣೆ ಹೀರಲಿ. ಮೂಗಿಗೆ, ಕಣ್ಣಿಗೆ ಹೋಗದ ಹಾಗೆ ನೋಡಿಕೊಳ್ಳಿ. ಹಿಟ್ಟು ಒರೆಸಿ ತೆಗೆದು, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಹಾಕಿ, ತಲೆ ಹೊರಗಿಟ್ಟು ತೊಳೆಯಿರಿ. ಆಮೇಲೆ ಬರೀ ನೀರಲ್ಲಿ, ನೊರೆ ಪೂರ್ತಿ ಹೋಗುವವರೆಗೆ. ಕೊನೆಗೆ ಬೆಚ್ಚಗಿಡಬೇಕು, ಅದೇ ಮುಖ್ಯ. ಸಂಜೆಯೊಳಗೆ ಕಾಳು ತಿನ್ನದಿದ್ದರೆ ಕರೆದುಕೊಂಡು ಬನ್ನಿ."

"ಡಾಕ್ಟ್ರೇ, ಚೀಟಿಯಲ್ಲಿ ಸೋಪು ಹಾಕಲೇಬಾರದು ಅಂತಿದೆ."

"ಇವತ್ತು ಹಾಕಿ."

"ಒಂದೇ ಹನಿ? ದೊಡ್ಡ ಹನಿಯಾ, ಸಣ್ಣ ಹನಿಯಾ?"

"ಅಮ್ಮ, ಹನಿ."

"ಚೀಟಿಯಲ್ಲಿ ಹಿಡಿದು ಮುಳುಗಿಸಬಾರದು ಅಂತಲೂ..."

"ನೋಡಿ, ಆ ಚೀಟಿ ಬರೆದವರಿಗೆ ನಿಮ್ಮ ಅತ್ತೆ ಗೊತ್ತಿರಲಿಲ್ಲ. ಫೋನಿಡಿ, ಶುರು ಮಾಡಿ."

ಹಿಟ್ಟಿಗೆ ಬರ ಇರಲಿಲ್ಲ, ಹಬ್ಬದ ಮನೆ. ಅಕ್ಕಿ ಹಿಟ್ಟನ್ನು ನಾನು ತೆಳು ಬಟ್ಟೆಯಲ್ಲಿ ಮತ್ತೆ ಜರಡಿ ಹಿಡಿದೆ. ಅತ್ತೆ ಹಕ್ಕಿ ಹಿಡಿದರು, ಕೊಕ್ಕಿಗೆ ಅಡ್ಡವಾಗಿ ಹೆಬ್ಬೆರಳು ಇಟ್ಟರು, ನಾನು ಚಿಟಿಕೆ ಚಿಟಿಕೆಯಾಗಿ ಉದುರಿಸಿದೆ. ನೀಲಿ ಹಕ್ಕಿ ಬಿಳಿಯಾಯಿತು.

ಮಾವ ಬಗ್ಗಿ ನೋಡಿದರು. "ಎಣ್ಣಿ ಆಯ್ತ್, ಹಿಟ್ಟೂ ಆಯ್ತ್. ಇನ್ ಉಪ್ಪು ಖಾರ ಮಾತ್ರ ಬಾಕಿ."

"ಹ್ವಾಯ್!" ಎಂದರು ಅತ್ತೆ. ಹಕ್ಕಿ ಬೆಚ್ಚಿತು. ಕೂಡಲೇ ದನಿ ಇಳಿಸಿ, ಹಲ್ಲು ಕಚ್ಚಿ, "ನೀವ್ ಸುಮ್ನೆ ಹೊರ್ಗೆ ಹೋಯಿ ಕೂಕಣಿ" ಎಂದರು. ಅಷ್ಟು ಸಣ್ಣ ದನಿ ಆ ಗಂಟಲಲ್ಲಿ ಇದೆ ಎಂದು ಮಾವನಿಗೂ ಗೊತ್ತಿರಲಿಲ್ಲವೋ ಏನೋ. ಹೆದರಿ ನಿಜವಾಗಿಯೂ ಹೊರಗೆ ಹೋದರು.

ಮೂರು ಬಟ್ಟಲು ನೀರು ಇಟ್ಟೆ. ಮೊಣಕೈ ಅದ್ದಿ ಬಿಸಿ ನೋಡಿದೆ, ಸಂಶಯವಾಗಿ ಇನ್ನೊಂದು ಮೊಣಕೈ ಅದ್ದಿ ನೋಡಿದೆ. ಲಿಕ್ವಿಡ್ ಹನಿ ದೊಡ್ಡದಾಯಿತೆಂದು ಒಂದು ಬಟ್ಟಲು ಚೆಲ್ಲಿ ಮತ್ತೆ ಮಾಡಿದೆ. ಬೇರೆ ದಿನವಾಗಿದ್ದರೆ ಅತ್ತೆ ಇಷ್ಟರಲ್ಲಿ ನನ್ನನ್ನೇ ತೊಳೆದು ಒಣಗಿಸುತ್ತಿದ್ದರು. ಅವತ್ತು ಕಾದರು. ಚಮಚದಲ್ಲಿ ನಾನು ನೀರು ಹೊಯ್ದೆ. ಅವರು ಬೆರಳ ತುದಿಯಿಂದ ಗರಿಯ ದಿಕ್ಕಿನಲ್ಲೇ ಸವರಿದರು. ಪ್ರತಿಯೊಂದಕ್ಕೂ ಕೇಳುತ್ತಿದ್ದರು.

"ಇಷ್ಟ್ ಬಿಸಿ ಸಾಕಾ? ಬೆನ್ನ್ ಆಯ್ತ್, ಈಗ ರೆಕ್ಕಿ ಅಡಿಗಾ? ಚೀಟಿಯಂಗೆ ಮತ್ತೆಂತ ಇತ್ತ್? ಪೂರ್ತಿ ಓದ್ ಕಾಂಬ."

ನಾನು ಕಪಾಟಿನ ಬಾಗಿಲು ತೆರೆದಿಟ್ಟು, ಚಮಚ ಕೈಯಲ್ಲಿ ಹಿಡಿದೇ, ಹನ್ನೊಂದೂ ಸೂಚನೆಗಳನ್ನು ಗಟ್ಟಿಯಾಗಿ ಓದಿದೆ. ಅತ್ತೆಗೆ ಓದು ಬರುತ್ತಿರಲಿಲ್ಲ. ಆದರೆ ನೂರು ಮನೆಯ ಗಿರಾಕಿಗಳ ಬೇಕು ಬೇಡಗಳನ್ನು ಬಾಯಲ್ಲೇ ಇಟ್ಟುಕೊಂಡ ತಲೆ. ಒಂದು ಸಲ ಕೇಳಿದ್ದು ಅಲ್ಲೇ ಉಳಿಯಿತು.

ತೊಳೆದಾದ ಮೇಲೆ ಬಲ್ಬಿನ ಕೆಳಗೆ ಬೆಚ್ಚಗಿಡೋಣವೆಂದು ಸ್ವಿಚ್ಚು ಒತ್ತಿದೆವು. ಕರೆಂಟು ಇರಲಿಲ್ಲ. ಒಲೆಯ ಹತ್ತಿರ ಹೊಗೆ. ಅಂಗಳದಲ್ಲಿ ಇನ್ನೂ ಬಿಸಿಲು ಬಂದಿರಲಿಲ್ಲ. ಹಕ್ಕಿ ಕಣ್ಣು ಮುಚ್ಚತೊಡಗಿತು.

ಅತ್ತೆ, ಮಾವನ ಹಳೆಯ ಮೆತ್ತನೆ ಲುಂಗಿಯ ತುಂಡಿನಲ್ಲಿ ಹಕ್ಕಿಯನ್ನು ಸಡಿಲವಾಗಿ ಸುತ್ತಿ, ಮೂಗು ಹೊರಗಿರುವ ಹಾಗೆ ಹೊಟ್ಟೆಗೆ ಒತ್ತಿ, ಮೇಲೆ ಸೆರಗು ಎಳೆದುಕೊಂಡು, ಗೋಡೆಗೊರಗಿ ಕೂತರು. "ನಾಕ್ ಮಕ್ಕಳನ್ನ ಹೀಂಗೇ ಬೆಚ್ಚಗ್ ಇಟ್ಟದ್ದ್" ಎಂದರು. ಆಮೇಲೆ ಅಲ್ಲಾಡಲಿಲ್ಲ.

ಎಂಟು ಗಂಟೆಗೆ ಅವಲಕ್ಕಿ ತಿನ್ನಲು ಏಳಲಿಲ್ಲ. ನಾನೇ ಬಾಯಿಗೆ ಕೊಟ್ಟೆ. ಒಂಬತ್ತಕ್ಕೆ ವನಜಕ್ಕ ಕಡುಬಿನ ಪಾತ್ರೆ ಹಿಡಿದು ಬಂದರು. ಹಬ್ಬದ ದಿನ ಪದ್ದಕ್ಕ ಗೋಡೆಗೊರಗಿ, ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ ಕೂತದ್ದನ್ನು ಕಂಡು ಪಾತ್ರೆಯನ್ನು ಅಲ್ಲೇ ಇಟ್ಟರು.

"ಎಂತ ಆಯ್ತ್ ಹೆಣೆ? ಹೊಟ್ಟಿ ನೋವಾ?"

"ಸಣ್ಣಕ್ ಮಾತಾಡ್" ಎಂದು ಅತ್ತೆ ಪಿಸುಗುಟ್ಟಿದರು.

"ಗಂಟ್ಲೂ ಹೋಯ್ತಾ!"

ಆಗ ಸೆರಗಿನೊಳಗಿಂದ 'ಚಿಂಯ್' ಎಂದು ಕೇಳಿತು. ವನಜಕ್ಕ ಅತ್ತೆಯ ಹೊಟ್ಟೆಯನ್ನೂ, ಹೊರಗೆ ಜಗಲಿಯಲ್ಲಿದ್ದ ಮಾವನನ್ನೂ, ಮತ್ತೆ ಹೊಟ್ಟೆಯನ್ನೂ ನೋಡಿದರು.

"ಈ ಪ್ರಾಯದಂಗೆ ಇದೆಂತ ಮಾರಾಯ್ತಿ!"

ಅತ್ತೆಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಕುಲುಕಬಾರದು ಎಂದು ಎರಡೂ ಕೈಯಿಂದ ಒತ್ತಿ ಹಿಡಿದರು, ಕಣ್ಣಲ್ಲಿ ನೀರು ಬಂತು. ನಗುವಿನದೋ ಬೇರೆಯದೋ, ನಾನು ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಲುಂಗಿ ಬಿಚ್ಚಿದೆವು. ಗರಿಗಳು ಬಿಡಿಬಿಡಿಯಾಗಿದ್ದವು. ಅಲ್ಲಲ್ಲಿ ಹಿಟ್ಟಿನ ಗಂಟು. ನಾನು ಅಂಗೈಯಲ್ಲಿ ನವಣೆ ಕಾಳು ಹಿಡಿದೆ. ನೀಲಿ ಬಹಳ ಹೊತ್ತು ಸುಮ್ಮನೆ ಇತ್ತು. ಆಮೇಲೆ ಒಂದು ಕಾಳು ಎತ್ತಿತು, ಸಿಪ್ಪೆ ಸುಲಿಯಿತು, ಸಿಪ್ಪೆಯನ್ನು ಅತ್ತೆಯ ಸೆರಗಿನ ಮೇಲೆ ಉಗುಳಿತು.

"ತಿಂತ್!" ಎಂದರು ಅತ್ತೆ. ಹೆದ್ದಾರಿಗೆ ಕೇಳಿತು.

ನೀಲಿ ಉಳಿಯಿತು. ಆದರೆ ಉಳಿದ ಮೇಲೆ ನನ್ನ ಚಿಂತೆ ಬೇರೆಯಾಯಿತು. ಮುಂದಿನ ಮೂರು ದಿನ ಅತ್ತೆ ಹಕ್ಕಿಯ ವಿಷಯ ಬಾಯಿ ಬಿಡಲಿಲ್ಲ. ಅಕ್ಷಯ್ ಬರುವುದು ಬೇಡ ಎಂದು ಫೋನನ್ನೂ ಮಾಡಲಿಲ್ಲ. ಹಳದಿಯಂತೂ ಮಿಂದೇ ಇಲ್ಲ. ಸೊಸೆಯ ಎದುರು ಮುಖಭಂಗವಾದ ಮೇಲೆ ಯಾವ ಅತ್ತೆ ಆ ಹಕ್ಕಿಗಳನ್ನು ದಿನಾ ಕಣ್ಣೆದುರು ಇಟ್ಟುಕೊಳ್ಳುತ್ತಾರೆ? ಕೇಳೋಣವೆಂದರೆ, ಕೇಳಿಯೇ ನೆನಪು ಮಾಡಿದ ಹಾಗಾದೀತು. ಕೇಳದಿದ್ದರೆ ಭಾನುವಾರ ಬಂದೇ ಬರುತ್ತದೆ. ಬಂತು.

ಅಕ್ಷಯ್ ಹನ್ನೊಂದು ಗಂಟೆಯ ಬಸ್ಸಿಗೆ ಇಳಿದ. ಬಗಲಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಉಸಿರಾಟಕ್ಕೆ ಅದರ ತುಂಬ ತೂತು. ನಾನು ಕಾಳಿನ ಡಬ್ಬಿ ಕಟ್ಟಿದೆ. ಚೀಟಿಯನ್ನು ಕಪಾಟಿನಿಂದ ಬಿಡಿಸಿ ಮಡಚಿದೆ. ಬೆಕ್ಕಿನ ಬಗ್ಗೆ ಹನ್ನೆರಡನೆಯ ಸೂಚನೆಯೊಂದನ್ನು ನಾನೇ ಸೇರಿಸಿದೆ.

ಅತ್ತೆ ಅವನಿಗೆ ಊಟ ಬಡಿಸಿದರು. ಬಂಗ್ಡೆ ಗಸಿ, ಮತ್ತೆ ಗಸಿ, ಮತ್ತೆ ಅನ್ನ. ಅವನು ಕೈ ತೊಳೆದು ಗೂಡಿನ ಕಡೆ ಹೊರಟಾಗ, ಸೌಟು ಹಿಡಿದೇ ಅಡ್ಡ ನಿಂತರು.

"ಹಕ್ಕಿಗೆ ಮೈ ಹುಷಾರಿಲ್ಲೆ ಮಗಾ. ಬಸ್ಸಂಗೆ ಹೋಪುಕ್ ಆತಿಲ್ಲೆ."

ನೀಲಿ ಗೂಡಿನ ಸರಿಗೆಗೆ ತಲೆಕೆಳಗಾಗಿ ನೇತು ಬಿದ್ದು, ಊರೆಲ್ಲ ಕೇಳುವ ಹಾಗೆ ಕೂಗುತ್ತಿತ್ತು.

"ಎಷ್ಟ್ ಚಂದ ಕೂಗ್ತಿತ್ತಲೆ ಅತ್ತೆ?" ಎಂದ ಅಕ್ಷಯ್.

"ನೋವಿಗೆ ಕೂಗುದ್."

"ಹಾಂಗಾರೆ ಹಳ್ದಿದ್ ಕೊಂಡ್ ಹೋತೆ."

"ಅದೊಂದೇ ಹೋರೆ ಇದಕ್ ಬ್ಯಾಜಾರ್ ಆತ್."

"ಮೀಯದ್ ಹಕ್ಕಿ ಮನಿಯಂಗ್ ಇಪ್ಪುಕಾಗ ಅಂದ್ ನೀವೇ ಫೋನಂಗೆ ಹೇಳಿದ್ರಲೆ?"

"ಮಿಂದ್ ಆಯ್ತ್!" ಎಂದು ಅತ್ತೆ ಸೌಟು ಎತ್ತಿದರು. "ನಿಂಗಿಂತ ಲಾಯ್ಕ್ ಮಿಂದಿತ್. ಎಣ್ಣಿ, ಹಿಟ್ಟ್, ಸೋಪ್, ಮೂರ್ ಬಟ್ಲ್ ನೀರ್. ನೀ ಹಬ್ಬಕ್ಕೆ ಸರಿ ಮಿಂದಿದ್ಯಾ? ಕಿಮಿ ಹಿಂದ್ ಕಾಣ್, ಎಷ್ಟ್ ಮಣ್ಣ್!"

ಅಕ್ಷಯ್ ಕಿವಿ ಮುಟ್ಟಿಕೊಂಡ. ಆ ಮೇಲೆ ವಾದಕ್ಕೆ ಅವನಲ್ಲಿ ಬಲ ಉಳಿಯಲಿಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ಅತ್ತೆ ಆ ಪೆಟ್ಟಿಗೆಯ ತುಂಬ ಒಣಮೀನು ತುಂಬಿಸಿ ಕೊಟ್ಟರು. ಪೆಟ್ಟಿಗೆಗೆ ಆಗಲೇ ತೂತುಗಳಿದ್ದವಲ್ಲ. ಹತ್ತಿದ ಕೂಡಲೇ ಕಂಡಕ್ಟರು ಅವನನ್ನು ಹಿಂದಿನ ಬಾಗಿಲಿಗೆ ಕಳಿಸಿದ್ದು ನಮಗೆ ಅಂಗಳದಿಂದಲೇ ಕಂಡಿತು.

ಬಸ್ಸು ಹೋದ ಮೇಲೆ ಅತ್ತೆ ಒಳಗೆ ಬಂದರು. ನಾನು ಏನಾದರೂ ಹೇಳಬೇಕಿತ್ತು. ಯಾವ ಮಾತು ಸರಿಯಾದೀತು ಎಂದು ಯೋಚಿಸುತ್ತಾ ನಿಂತೆ. ಅಷ್ಟರಲ್ಲಿ ಅವರು ರತೀಶನನ್ನು ಕರೆದರು.

"ಈ ಗೂಡ್ ಹಗ್ಗದಂಗೆ ಎಷ್ಟ್ ದಿನ ಮಾರಾಯ? ಒಂದ್ ಸಮಾ ಕೊಕ್ಕಿ ಹೊಡಿ. ಆ ಕಿಟ್ಕಿ ಬದಿಗ್ ಹೊಡಿ, ಗಾಳಿ ಲಾಯ್ಕ್ ಬತ್ತ್."

ರತೀಶ ಸುತ್ತಿಗೆ ಎತ್ತಿದ.

"ಅಲ್ಲ್ ಬ್ಯಾಡ ಅತ್ತೆ" ಎಂದೆ. ನನಗೇ ಆಶ್ಚರ್ಯವಾಯಿತು. "ಅಲ್ಲ್ ಗಾಳಿ ಜಾಸ್ತಿ. ಹಕ್ಕಿಗೆ ಆತಿಲ್ಲೆ."

ಸುತ್ತಿಗೆ ಮೇಲೇ ನಿಂತಿತು. ಮಾವ ಬಲೆಯ ಸೂಜಿ ನಿಲ್ಲಿಸಿ ನನ್ನ ಕಡೆ ನೋಡಿದರು. ಅತ್ತೆಯೂ ನೋಡಿದರು.

"ಹಾಂಗಾರೆ ಎಲ್ಲ್?" ಎಂದರು.

ನಾನು ಒಳಗೋಡೆಯ ಹತ್ತಿರ ಹೋಗಿ, ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿ ಬೆರಳಿಟ್ಟೆ. ಎರಡು ಅಂಗುಲ ಎಡಕ್ಕೆ ಸರಿಸಿದೆ. ಮತ್ತೆ ಒಂದು ಅಂಗುಲ ಬಲಕ್ಕೆ.

"ಬೆರಳ್ ತೆಗಿ ಮಾರಾಯ್ತಿ, ಅವ ಹೊಡೀಲಿ" ಎಂದರು ಅತ್ತೆ.

ರತೀಶ ಅಲ್ಲೇ ಕೊಕ್ಕೆ ಹೊಡೆದ.